ಕಾಲಿದ್ದಷ್ಟು ಹಲಗೆ

ದಾವಣಗೆರೆಯಿಂದ ವಾಚಕ ಮಹನೀಯರೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಅವರ ಮಗನು ಅಮೆರಿಕಾ ದೇಶದ ಡೆನ್ವರ್ ನಗರದಲ್ಲಿ ಉದ್ಯೋಗದಲ್ಲಿರುವನು. ಚಳಿಗಾಲದಲ್ಲಿ ವಾರದ ರಜೆ ಬಂದೊಡನೆ ಗೆಳೆಯರನ್ನು ಕೂಡಿಕೊಂಡು ಬೆಟ್ಟಕ್ಕೆ ಹೋಗಿ, ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಆಟವನ್ನು ಆಡುವನಂತೆ. ಎರಡು ವರ್ಷಗಳ ಹಿಂದೆ ಅದಕ್ಕಾಗಿ ಒಂದು ಹಲಗೆಯನ್ನು ಕೊಂಡಿದ್ದವನು, ಈಗ ಅದನ್ನು ಮಾರಿ, ಅದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಅಗಲವಾದ ಇನ್ನೊಂದನ್ನು ಕೊಳ್ಳುವೆನೆಂದು ತಂದೆಗೆ ತಿಳಿಸಿದ್ದಾನೆ. "ಒಂದು ಸೆಂಟಿಮೀಟರಿಗಾಗಿ ಐನೂರು ಡಾಲರು ಚೆಲ್ಲುವುದು ಯಾವ ನ್ಯಾಯ? ಮನೆಯ ಮೇಲಿನ ಸಾಲ ಇನ್ನೂ ತೀರಿಲ್ಲ. ದುಂದುವೆಚ್ಚದ ವಿಷಯವಾಗಿ ಹಿಂದೊಮ್ಮೆ ಬರೆದಿದ್ದ ನೀವೇ ಅವನಿಗೆ ನಾಟುವಂತೆ ಎರಡು ಮಾತು ಬರೆಯಬೇಕು" ಎಂಬುದು ಅವರ ಕೋರಿಕೆ.

ಕಾಗದದ ಮೊದಲ ಪುಟವನ್ನು ಓದುವಾಗ ನಾವೂ ತಲೆದೂಗಿದೆವೆಂಬುದನ್ನು ಮುಚ್ಚಿಡಲಾರೆವು. ಆದರೆ ಕೊನೆಯಲ್ಲಿ ಅವರು ಹಾಸ್ಯಕ್ಕೆಂಬಂತೆ ಒಂದು ಸಾಲನ್ನು ಸೇರಿಸಿದ್ದಾರೆ: "ಹುಡುಗನ ಕಾಲು ನಮ್ಮ ವಂಶದಲ್ಲಿ ಯಾರಿಗೂ ಇಲ್ಲದಷ್ಟು ಉದ್ದ, ೧೧ನೆಯ ನಂಬರಿನ ಬೂಟು ಬೇಕು." ಈ ಸಾಲನ್ನು ಕಂಡಮೇಲೆ ತಲೆದೂಗುವುದನ್ನು ನಿಲ್ಲಿಸಿ, ನಮ್ಮ ಅಕ್ಕನ ಮಗನನ್ನು ನೆನೆದುಕೊಂಡೆವು. ಅವನ ಕಥೆಯನ್ನು ಹೇಳುವುದಕ್ಕೆ ಮುಂಚೆ, ಈ ವಸ್ತುವನ್ನು ಕಣ್ಣಾರೆ ಕಾಣದ ವಾಚಕರಿಗಾಗಿ ಅದು ಎಂತಹುದೆಂದು ಹೇಳಬೇಕಾಗಿದೆ.

ಸ್ನೋಬೋರ್ಡು ಎಂದು ಅಲ್ಲಿಯವರು ಕರೆಯುವ ಈ ಹಿಮಹಲಗೆಯು ಸಾಮಾನ್ಯವಾಗಿ ೧೫೦ ರಿಂದ ೧೬೦ ಸೆಂಟಿಮೀಟರು ಉದ್ದ, ಒಂದು ಗೇಣಿಗಿಂತ ತುಸು ಹೆಚ್ಚು ಅಗಲ ಇರುವುದು. ಒಳಗೆ ಹಗುರವಾದ ಮರ. ಅದರ ಮೇಲೆ ಕೆಳಗೆ ಗಾಜಿನ ನೂಲಿನ ಪದರಗಳು. ತಳಕ್ಕೆ ಮೇಣ ತಿಕ್ಕಿ ಜಾರುವಂತೆ ಮಾಡಿದ ಪ್ಲಾಸ್ಟಿಕ್ಕು. ಸುತ್ತಲೂ ಉಕ್ಕಿನ ಅಂಚು. ಎರಡು ತುದಿಗಳೂ ಮೇಲಕ್ಕೆ ಬಾಗಿರುವುವು. ತುದಿಗಳಲ್ಲಿ ಅಗಲವಾಗಿದ್ದು ನಡುವಿನಲ್ಲಿ ಕಿರಿದಾಗುವುದರಿಂದ ಇದಕ್ಕೆ ಒಂದು ಸೊಂಟವುಂಟು. ಹಲಗೆಯ ಅಗಲವೆಂದು ಅಂಗಡಿಯವರು ಹೇಳುವುದು ಈ ಸೊಂಟದ ಅಗಲವನ್ನೇ. ಸವಾರನು ಎರಡು ಬೂಟುಗಳನ್ನೂ ಹಲಗೆಗೆ ತಿರುಪು ಹಾಕಿದ ಕಾಲ್ಕಟ್ಟುಗಳಲ್ಲಿ ಬಿಗಿದುಕೊಂಡು, ಹೋಗುವ ದಿಕ್ಕಿಗೆ ಪಕ್ಕೆಯನ್ನು ತೋರಿಸಿ ನಿಲ್ಲುವನು.

ಇಲ್ಲಿಯೇ ಇರುವುದು ಸಂಗತಿ. ಸ್ಕೀ ಎಂಬ ಜೋಡಿ ಪಟ್ಟಿಗಳನ್ನು ಕಟ್ಟಿಕೊಂಡು ಜಾರುವವನ ಪಾದವು ಪಟ್ಟಿಯ ಉದ್ದಕ್ಕೆ ಇರುವುದರಿಂದ ಅವನ ಪಾದ ಎಷ್ಟು ಉದ್ದವಿದ್ದರೂ ಬಾಧಕವಿಲ್ಲ. ಹಿಮಹಲಗೆಯ ಸವಾರನ ಪಾದವೋ ಹಲಗೆಗೆ ಅಡ್ಡಲಾಗಿ ಇರುವುದು. ಆದುದರಿಂದ ಅವನ ಪಾದದ ಉದ್ದಕ್ಕೂ ಹಲಗೆಯ ಅಗಲಕ್ಕೂ ಬಿಡಿಸಲಾಗದ ಗಂಟು ಬಿದ್ದಿದೆ.

ಈ ಆಟ ಹುಟ್ಟಿದಾಗ ಈ ಗಂಟು ಇರಲಿಲ್ಲವೆಂಬುದು ಒಂದು ಸ್ವಾರಸ್ಯ. ೧೯೬೫ನೆಯ ಇಸವಿಯ ಕ್ರಿಸ್ಮಸ್ ಹಬ್ಬದ ದಿನ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಊರಿನಲ್ಲಿ ಶರ್ಮನ್ ಪಾಪೆನ್ ಎಂಬಾತನು, ಮನೆಯಲ್ಲಿ ಗಲಾಟೆ ಮಾಡುತ್ತಿದ್ದ ಹೆಣ್ಣುಮಕ್ಕಳನ್ನು ಆಡಿಸುವುದಕ್ಕಾಗಿ ಎರಡು ಸ್ಕೀ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಿ ಕೊಟ್ಟನು. ಆತನ ಹೆಂಡತಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟಳು. ಅದರ ಮೂತಿಗೆ ಒಂದು ಹಗ್ಗ, ಅದನ್ನು ಹಿಡಿದುಕೊಂಡು ಬರಿದೆ ನಿಂತು ಜಾರಬೇಕು, ಕಾಲಿಗೆ ಕಟ್ಟಿಲ್ಲ. ಕಾಲು ಹೇಗಿದ್ದರೂ ಸರಿಯೆ, ಸರಿಸಿ ಇಟ್ಟುಕೊಳ್ಳಬಹುದು. ಹುಡುಗನಾಗಿದ್ದಾಗ ಈ ಆಟಿಕೆಯಲ್ಲಿ ಆಡಿ ಬೆಳೆದ ಜೇಕ್ ಬರ್ಟನ್ ಕಾರ್ಪೆಂಟರ್ ಎಂಬಾತನು ೧೯೭೭ರಲ್ಲಿ ವರ್ಮಾಂಟ್ ಸಂಸ್ಥಾನದಲ್ಲಿ ತನ್ನದೇ ಕಾರ್ಖಾನೆಯನ್ನು ಆರಂಭಿಸಿ, ಹಲಗೆಗೆ ಕಾಲ್ಕಟ್ಟನ್ನು ಅಳವಡಿಸಿದನು. ೧೯೭೯ರಲ್ಲಿ ಮಿಷಿಗನ್ನಿನ ಸ್ನರ್ಫರ್ ಪಂದ್ಯಕ್ಕೆ ಆತನು ಅಂತಹ ಹಲಗೆಯನ್ನು ತಂದಾಗ ಉಳಿದವರು ಆಕ್ಷೇಪಿಸಲು, ಅವನಿಗಾಗಿ ಬೇರೊಂದು ವರ್ಗವನ್ನೇ ಮಾಡಬೇಕಾಯಿತು. ೧೯೯೮ರಲ್ಲಿ ಜಪಾನಿನ ನಗಾನೋದಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಮೊದಲ ಸಲ ಪದಕಗಳು ದೊರೆತವು. ಕಾಲು ಕಟ್ಟಿಗೆ ಸಿಕ್ಕ ದಿನದಿಂದ ಸವಾರನಿಗೆ ಹಲಗೆಯ ಮೇಲೆ ಹಿಡಿತ ಬಂತು. ಅದೇ ದಿನದಿಂದ ದೊಡ್ಡ ಪಾದದವರ ಕಷ್ಟವೂ ಮೊದಲಾಯಿತು.

ಈಗ ನಮ್ಮ ಅಕ್ಕನ ಮಗನ ಕಥೆ. ಇವನದು ೩೦ ಸೆಂಟಿಮೀಟರಿನ ಪಾದ. ಚಿಕ್ಕಂದಿನಲ್ಲಿ ಶಿವಮೊಗ್ಗೆಯಲ್ಲಿ ಶಾಲೆ ತೆರೆಯುವ ಕಾಲಕ್ಕೆ ಇವನನ್ನು ಬೂಟಿನ ಅಂಗಡಿಗೆ ಕರೆದುಕೊಂಡು ಹೋಗುವುದೆಂದರೆ ನಮ್ಮ ಅಕ್ಕನಿಗೆ ಒಂದು ಸಂಕಟವಾಗಿತ್ತು. ಅಂಗಡಿಯವನು ಇವನ ಕಾಲನ್ನು ನೋಡಿ ನಕ್ಕು, ಇದ್ದುದರಲ್ಲಿ ದೊಡ್ಡದನ್ನು ತಂದು, "ಹಾಕಿಕೊಂಡು ಓಡಾಡಿದರೆ ಸಡಿಲವಾಗುತ್ತದೆ" ಎನ್ನುವನು. ಸಡಿಲವಾದದ್ದನ್ನು ನಾವು ಕಾಣಲಿಲ್ಲ. ಒಂದು ವರ್ಷ ಅಕ್ಕನು ಬೂಟಿನ ಮೂತಿಯನ್ನು ಚೂರಿಯಿಂದ ಕೊಯ್ದು ಬೆರಳುಗಳಿಗೆ ಕಿಟಕಿ ಮಾಡಿಕೊಟ್ಟದ್ದುಂಟು. ಹೀಗೆ ಬೆಳೆದ ಹುಡುಗನಿಗೆ ತನ್ನ ಕಾಲಿನ ಅಳತೆಯನ್ನು ಗಟ್ಟಿಯಾಗಿ ಹೇಳುವುದೇ ಒಂದು ನಾಚಿಕೆಯಾಯಿತು. ಕೇಳಿದವರಿಗೆ ಒಂದು ನಂಬರು ಕಡಿಮೆ ಮಾಡಿ ಹೇಳುವುದು ರೂಢಿಯಾಯಿತು.

ಇವನೂ ಡೆನ್ವರಿನಲ್ಲಿಯೇ ಇರುವುದು. ಮೊನ್ನೆಯಲ್ಲ, ಅದರ ಹಿಂದಿನ ಚಳಿಗಾಲದಲ್ಲಿ ನಾವು ಅವನ ಮನೆಯಲ್ಲಿ ಒಂದು ತಿಂಗಳು ಇದ್ದಾಗ ನಮ್ಮನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋದನು. ಬುಡದಲ್ಲಿದ್ದ ಬಾಡಿಗೆ ಅಂಗಡಿಯಲ್ಲಿ ಬೂಟಿನ ನಂಬರು ಕೇಳಿದರು. ಇವನು ರೂಢಿಯ ಮೇರೆಗೆ ಒಂದು ಕಡಿಮೆ ಹೇಳಿದನು. ಆ ಬೂಟು ಕಾಲಿಗೆ ಹೋಗಲಿಲ್ಲವಾಗಿ ದೊಡ್ಡದನ್ನು ತಂದು ಕೊಟ್ಟರು. ಆದರೆ ಹಲಗೆಯನ್ನು ಮಾತ್ರ ಬದಲಾಯಿಸಲಿಲ್ಲ. ಅಗಲದ ಹಲಗೆಗಳೆಲ್ಲ ಹೊರಗೆ ಹೋಗಿವೆ, ಇದರಲ್ಲಿಯೇ ಆಗುವುದು ಎಂದರು. ಇವನೂ ಎದುರಾಡಲಿಲ್ಲ. "ಇದರಲ್ಲಿಯೇ ಆಗುವುದು" ಎಂಬುದು ಅವನು ಹುಟ್ಟಿದಂದಿನಿಂದ ಕೇಳಿದ ಮಾತು.

ಬೆಳಗ್ಗೆ ಎಲ್ಲವೂ ಚೆನ್ನಾಗಿತ್ತು. ಮಧ್ಯಾಹ್ನ ಬಿಸಿಲಿಗೆ ಹಿಮ ಮೆತ್ತಗಾದಾಗ, ನಾವು ಕೆಳಗೆ ಕಾಫಿಯ ಲೋಟ ಹಿಡಿದು ನೋಡುತ್ತಿರುವಂತೆಯೇ, ಇಳಿಜಾರಿನ ಒಂದು ತಿರುವಿನಲ್ಲಿ ಇವನು ಬೆರಳಿನ ಕಡೆಗೆ ವಾಲಿದವನು ಯಾರೋ ಕಾಲೆಳೆದಂತೆ ಮುಗ್ಗರಿಸಿ, ಎರಡು ಕೈಗಳನ್ನೂ ಮುಂದೆ ಚಾಚಿ ಬಿದ್ದನು. ಬಲಗೈಯ ಮಣಿಕಟ್ಟು ಮುರಿದಿತ್ತು. ಆರು ವಾರ ಕಟ್ಟು ಹಾಕಿಸಿಕೊಂಡಿರಬೇಕಾಯಿತು. ಈ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವ ಅಂಗ ಇದೇ ಎಂದು ವೈದ್ಯರು ತಿಳಿಸಿದರು. "ಮಾವಾ, ಅಮ್ಮನಿಗೆ ಹೇಳಬೇಡಿ" ಎಂದು ಅವನು ಕೇಳಿಕೊಂಡನು. ಪ್ರತಿ ಭಾನುವಾರ ಅಕ್ಕನು ಪರದೆಯ ಮೇಲೆ ಮುಖ ತೋರಿಸಿ ಮಾತನಾಡುವಾಗ ಇವನು ಬಲಗೈಯನ್ನು ಮೇಜಿನ ಕೆಳಗೆ ಇರಿಸಿಕೊಳ್ಳುವನು. ನಾವು ಪಕ್ಕದಲ್ಲಿ ಕುಳಿತು ಹವೆಯ ವಿಷಯ ಮಾತನಾಡುವೆವು. ಮೂರನೆಯ ಭಾನುವಾರ ಅವಳು, "ಅದೇಕೋ ಎಡಗೈಯಲ್ಲಿ ಊಟ ಮಾಡುತ್ತಿದ್ದೀಯೆ?" ಎಂದು ಕೇಳಿದಳು. ಅಲ್ಲಿಂದ ಮುಂದೆ ನಡೆದುದನ್ನು ವಾಚಕರು ಊಹಿಸಿಕೊಳ್ಳಬಹುದು. ಅವಳ ಮಾತಿನ ಹೆಚ್ಚಿನ ಪಾಲು ನಮಗೇ ಸಂದಿತು.

ಬಿದ್ದುದಕ್ಕೆ ಕಾರಣವೇನು? ಹಲಗೆಯನ್ನು ತಿರುಗಿಸಬೇಕಾದರೆ ಅದನ್ನು ಒಂದು ಅಂಚಿನ ಮೇಲೆ ಓರೆಯಾಗಿಸಬೇಕು; ಆ ಉಕ್ಕಿನ ಅಂಚು ಹಿಮವನ್ನು ಕಚ್ಚಿ ಹಿಡಿಯುವುದರಿಂದಲೇ ತಿರುವು. ಬೂಟಿನ ತುದಿಯು ಅಂಚನ್ನು ಮೀರಿ ಬಹಳ ಹೊರಚಾಚಿದ್ದರೆ, ಹಲಗೆ ಓರೆಯಾದಾಗ ಬೂಟೇ ಹಿಮಕ್ಕೆ ತಾಗುವುದು. ತಾಗಿದೊಡನೆ, ಮೀಟುಗೋಲು ಕೊಟ್ಟು ಗಾಡಿಯನ್ನು ಎತ್ತಿದಂತೆ, ಉಕ್ಕಿನ ಅಂಚು ಹಿಮದಿಂದ ಮೇಲೇಳುವುದು. ಹಿಡಿತ ತಪ್ಪಿದ ಹಲಗೆ ಕೆಳಕ್ಕೆ ಜಾರುವುದು, ಮನುಷ್ಯ ಬೀಳುವನು. ಹಿಮ್ಮಡಿಯ ಕಡೆ ಹೀಗಾದರೆ ಬೆನ್ನ ಮೇಲೆ, ಬೆರಳಿನ ಕಡೆಯಾದರೆ ಕೈಗಳ ಮೇಲೆ. ಮೆತ್ತಗಾದ ಹಿಮದಲ್ಲಿ ಅಂಚು ಆಳವಾಗಿ ಇಳಿಯುವುದರಿಂದ ಬೂಟು ಇನ್ನೂ ಬೇಗನೆ ತಾಗುವುದು. ಬೆಳಗ್ಗೆ ಸರಿಯಾಗಿದ್ದುದು ಮಧ್ಯಾಹ್ನ ಕೆಟ್ಟದ್ದು ಇದರಿಂದಲೇ. ಮೆಲ್ಲಗೆ ಹೋಗುವ ಹೊಸಬನಿಗೆ ಈ ದೋಷ ಕಾಣುವುದಿಲ್ಲ. ಅವನು ಅಷ್ಟು ಓರೆಯಾಗುವುದೇ ಇಲ್ಲ. ಆಟ ಕೈಹತ್ತಿ, ಧೈರ್ಯ ಬಂದು, ವೇಗ ಹೆಚ್ಚಿದಾಗಲೇ ಅದು ಹೊರಬೀಳುವುದು. ದಾವಣಗೆರೆಯವರ ಮಗನು ಎರಡು ವರ್ಷ ಸುಮ್ಮನಿದ್ದು ಈಗ ಅಗಲದ ಹಲಗೆ ಬೇಕೆನ್ನುವುದಕ್ಕೆ ಇದೇ ಕಾರಣವಿರಬೇಕೆಂದು ನಮ್ಮ ಊಹೆ. ಅದು ಅವನ ಚಪಲವಲ್ಲ, ಅವನ ಪ್ರಗತಿ.

ಲೆಕ್ಕವನ್ನು ಹಾಕಿಯೇ ನೋಡೋಣ. ಗೃಹಸ್ಥರು ಲೆಕ್ಕವಿಲ್ಲದ ಮಾತನ್ನು ನಂಬಬಾರದು. ೩೦ ಸೆಂಟಿಮೀಟರಿನ ಪಾದಕ್ಕೆ ಬೂಟಿನ ಹೊರ ಉದ್ದ ಸುಮಾರು ೩೨.೫. ಕಾಲನ್ನು ಹಲಗೆಗೆ ನೇರ ಅಡ್ಡಲಾಗಿ ಇಡದೆ ೧೫ ಡಿಗ್ರಿಯಷ್ಟು ತಿರುಗಿಸಿ ಇಡುವುದು ವಾಡಿಕೆ. ಆಗ ಅದು ಅಡ್ಡಲಾಗಿ ಆಕ್ರಮಿಸುವುದು ೩೧.೪. ಗಂಡಸರ ಸಾಮಾನ್ಯ ಹಲಗೆಯ ಸೊಂಟ ೨೫.೨ ಎಂದಿಟ್ಟುಕೊಂಡರೆ, ಕಾಲಿಡುವ ಜಾಗಗಳು ಸೊಂಟದಿಂದ ಆಚೆ ಈಚೆ ಇರುವುದರಿಂದ ಅಲ್ಲಿಯ ಅಗಲ ಸುಮಾರು ೨೬.೪. ಉಳಿದ ೫ ಸೆಂಟಿಮೀಟರು ಎರಡು ಕಡೆಗೂ ಹಂಚಿ, ಒಂದೊಂದು ಕಡೆಗೆ ಎರಡೂವರೆ ಹೊರಚಾಚುವುದು. ಸೊಂಟ ೨೬.೪ ಇರುವ ಅಗಲದ ಹಲಗೆಯಲ್ಲಿ ಇದೇ ಬೂಟು ಒಂದೊಂದು ಕಡೆಗೆ ೧.೯ ಮಾತ್ರ ಚಾಚುವುದು. ಒಂದರಿಂದ ಎರಡು ಸೆಂಟಿಮೀಟರಿನವರೆಗೆ ಚಾಚಿದರೆ ತೊಂದರೆಯಿಲ್ಲ, ಅಷ್ಟು ಬೇಕೂ ಬೇಕು. ಎರಡನ್ನು ಮೀರಿದರೆ ಭಯ. ವ್ಯತ್ಯಾಸವು ಆರು ಮಿಲಿಮೀಟರು. ಮಣಿಕಟ್ಟಿನ ಮೂಳೆಯ ಬೆಲೆಯನ್ನು ಕಂಡ ನಮಗೆ ಈ ಆರು ಮಿಲಿಮೀಟರು ಅಲ್ಪವೆಂದು ತೋರುವುದಿಲ್ಲ. ನಮ್ಮ ಹುಡುಗನ ವಿಷಯದಲ್ಲಿ ಕಾಲ್ಕಟ್ಟನ್ನು ನಡುವಿಗೆ ಸರಿಯಾಗಿ ಕೂರಿಸಿರಲಿಲ್ಲವಾಗಿ, ಬೆರಳಿನ ಕಡೆಗೆ ಮೂರಕ್ಕೂ ಮೇಲ್ಪಟ್ಟು ಚಾಚಿತ್ತು.

ನಂಬರುಗಳ ಗೊಂದಲವೊಂದನ್ನು ಇಲ್ಲಿಯೇ ಬಿಡಿಸಬೇಕು. ನಮ್ಮ ದೇಶದ ಅಂಗಡಿಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಇಂಗ್ಲೆಂಡಿನ ನಂಬರು. ಅಮೆರಿಕಾದ ಗಂಡಸರ ನಂಬರು ಅದಕ್ಕಿಂತ ಒಂದು ಹೆಚ್ಚು. ನಮ್ಮ ೧೧ ಎಂದರೆ ಅಲ್ಲಿಯ ೧೨, ಪಾದದ ಉದ್ದ ೩೦ ಸೆಂಟಿಮೀಟರು. ಅಲ್ಲಿಯ ೧೧ ಎಂದರೆ ನಮ್ಮ ೧೦, ಪಾದದ ಉದ್ದ ೨೯. ನಮ್ಮ ವಾಚಕರು ಯಾವ ೧೧ ಎಂದು ಬರೆದಿಲ್ಲ. ಯಾವುದಾದರೂ ಆಗಲಿ, ಅಗಲದ ಹಲಗೆಯ ಮೇರೆ ಬಹುಮಟ್ಟಿಗೆ ಅಲ್ಲಿಂದಲೇ ಆರಂಭ. ನಂಬರುಗಳನ್ನು ನಂಬುವುದಕ್ಕಿಂತ ಮನೆಯಲ್ಲಿಯೇ ಅಳೆಯುವುದು ಲೇಸು. ಹಿಮ್ಮಡಿಯನ್ನು ಗೋಡೆಗೆ ಒತ್ತಿ, ನೆಲದ ಮೇಲೆ ಕಾಗದ ಹಾಸಿ ಅದರ ಮೇಲೆ ಮೈಭಾರವನ್ನೆಲ್ಲ ಬಿಟ್ಟು ನಿಂತು, ಅತ್ಯಂತ ಮುಂದಿರುವ ಬೆರಳಿನ ತುದಿಗೆ ಇನ್ನೊಬ್ಬರಿಂದ ಗೆರೆ ಎಳೆಯಿಸಬೇಕು. ಎರಡು ಕಾಲನ್ನೂ ಅಳೆದು ದೊಡ್ಡದನ್ನು ಹಿಡಿಯಬೇಕು. ಆ ಸೆಂಟಿಮೀಟರುಗಳನ್ನೇ ಅಂಗಡಿಯಲ್ಲಿ ಹೇಳಿದರೆ ಸಾಕು. ಹಿಮದ ಬೂಟುಗಳ ಮೇಲೆ ಆ ಅಂಕೆಯೂ ಅಚ್ಚಾಗಿರುವುದು. ಹಲಗೆ ಕೈಗೆ ಸಿಕ್ಕಾಗ ಕಾಲ್ಕಟ್ಟಿನ ತಿರುಪಿನ ತೂತುಗಳ ಮೇಲೆ, ತಾನು ನಿಲ್ಲುವ ಓರೆಯಲ್ಲಿಯೇ, ಬರಿಗಾಲನ್ನು ಇಟ್ಟು ನೋಡುವುದು ಮತ್ತೊಂದು ಸುಲಭ ಪರೀಕ್ಷೆ. ಬರಿಗಾಲು ಎರಡು ಅಂಚುಗಳನ್ನೂ ಮುಟ್ಟಬೇಕು, ಅಥವಾ ತುಸುವೇ ಮೀರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ್ದು ಹಣದ ವಿಷಯಕ್ಕೆ. ಅದನ್ನು ಮರದ ಹಲಗೆಗೆ ಅನ್ವಯಿಸಿದರೆ ಕಾಲನ್ನೇ ಕೊಯ್ಯಬೇಕಾದೀತು. ಆದರೂ ಕೆಲವರು ಅದನ್ನೇ ಮಾಡುವರು: ಚಾಚುವುದು ಕಡಿಮೆಯಾಗಲೆಂದು ಒಂದು ಅಳತೆ ಚಿಕ್ಕ ಬೂಟನ್ನು ತೊಡುವರು. ಬೆರಳುಗಳು ಮಡಿಚಿ, ರಕ್ತಸಂಚಾರ ನಿಂತು, ಆ ಚಳಿಯಲ್ಲಿ ಕಾಲು ಮರಗಟ್ಟುವುದು. ಇದನ್ನು ಎಂದಿಗೂ ಮಾಡಬಾರದು. ಹೊರಮೈಯನ್ನು ಮೋಟು ಮಾಡಿದ ಬೂಟುಗಳು ಈಗ ದೊರೆಯುತ್ತವೆ. ಅವುಗಳಿಂದ ಕೆಲವು ಮಿಲಿಮೀಟರು ಉಳಿಯುವುದು. ಕಾಲ್ಕಟ್ಟಿನ ಕೆಳಗೆ ಎತ್ತರದ ಮಣೆಯನ್ನು ಕೊಡುವುದೂ, ಕಾಲನ್ನು ಇನ್ನಷ್ಟು ತಿರುಗಿಸುವುದೂ ಉಂಟು. ಇವೆಲ್ಲ ಅಂಚಿನಲ್ಲಿರುವವನನ್ನು ದಾಟಿಸಬಲ್ಲವೇ ಹೊರತು, ೩೦ ಸೆಂಟಿಮೀಟರಿನ ಪಾದವನ್ನು ೨೫ರ ಸೊಂಟಕ್ಕೆ ಹೊಂದಿಸಲಾರವು.

ಹಾಗೆಂದು ಅಗಲವಾದಷ್ಟೂ ಒಳ್ಳೆಯದೆಂದು ತಿಳಿಯಲಾಗದು. ಹಲಗೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳಿಸುವುದು ಬೆರಳು ಮತ್ತು ಹಿಮ್ಮಡಿಗಳ ಒತ್ತಡದಿಂದ. ಕಾಲು ಅಂಚಿನವರೆಗೆ ಮುಟ್ಟದಿದ್ದರೆ ಆ ಒತ್ತಡ ಹತ್ತುವುದಿಲ್ಲ. ಹಲಗೆ ಕೊಬ್ಬಿದ ಎಮ್ಮೆಯಂತೆ ಹೊರಳಲು ಹೊತ್ತು ಮಾಡುವುದು, ಸಂಜೆಗೆ ಕಣಕಾಲು ಸೋತುಹೋಗುವುದು. ಆದುದರಿಂದ ೨೬ ಸೆಂಟಿಮೀಟರಿನ ಪಾದದ ತಂದೆಯು ಮಗನನ್ನು ನೋಡಲು ಹೋದಾಗ, ಮನೆಯಲ್ಲಿ ಇದೆಯಲ್ಲ ಎಂದು ಅವನ ಹಲಗೆಯನ್ನೇ ಕಟ್ಟಿಕೊಳ್ಳತಕ್ಕದ್ದಲ್ಲ. ದೊಡ್ಡ ಪಾದದ ಹೆಣ್ಣುಮಕ್ಕಳ ಸಂಗತಿ ಇದಕ್ಕೆ ವಿರುದ್ಧ. ಹೆಂಗಸರ ಹಲಗೆಗಳ ಸೊಂಟ ಸಾಮಾನ್ಯವಾಗಿ ೨೪ರ ಆಸುಪಾಸಿನಲ್ಲಿರುವುದರಿಂದ ಅವರು ಗಂಡಸರ ಹಲಗೆಯನ್ನು ಕೇಳಿ ಪಡೆಯಬೇಕು. ಹಲಗೆಯ ಮೇಲೆ ಬರೆದ ಹೆಸರಿಗೆ ನಾಚಿದರೆ ನಮ್ಮ ಅಕ್ಕನ ಮಗನ ಗತಿಯಾದೀತು.

ಉದ್ದದ ವಿಷಯವೇ ಬೇರೆ. ಅದನ್ನು ಮೈತೂಕದ ಮೇಲೆ ಗೊತ್ತು ಮಾಡಬೇಕು. ಯಾವ ಉದ್ದಕ್ಕೆ ಎಷ್ಟು ತೂಕವೆಂಬ ಪಟ್ಟಿಯನ್ನು ತಯಾರಕರೇ ಕೊಡುವರು. ಉದ್ದದ ಅಂಕೆಯ ಮುಂದೆ ಡಬ್ಲ್ಯೂ ಎಂಬ ಅಕ್ಷರವಿದ್ದರೆ ಅದು ಅಗಲದ ಜಾತಿ. ಆದರೆ ಒಬ್ಬ ತಯಾರಕನ ಅಗಲ ಇನ್ನೊಬ್ಬನ ಸಾಮಾನ್ಯಕ್ಕೆ ಹತ್ತಿರವಿರಬಹುದಾದ್ದರಿಂದ, ಅಕ್ಷರವನ್ನು ಬಿಟ್ಟು ಸೊಂಟದ ಮಿಲಿಮೀಟರುಗಳನ್ನೇ ನೋಡಬೇಕು. ನಮ್ಮ ಹುಡುಗನಂತೆ ಉದ್ದ ಕಾಲಿನ ಸಣಕಲು ಆಳುಗಳು, ಅಗಲ ಬೇಕೆಂದು ಉದ್ದವನ್ನೂ ಹೆಚ್ಚಿಸಿಕೊಂಡು ತೊಂದರೆಪಡುವುದುಂಟು.

ಹಲಗೆಗಳಲ್ಲಿ ಬಗೆಗಳು ಹಲವು. ನೆಗೆದಾಟಕ್ಕೆ ಮಾಡಿದ ಮೆದು ಹಲಗೆ, ಹೊಸ ಹಿಮಕ್ಕೆಂದೇ ಮಾಡಿದ ದೊಡ್ಡ ಮೂತಿಯ ಹಲಗೆ, ಎಲ್ಲ ಬೆಟ್ಟಕ್ಕೂ ಆಗುವಂತೆ ಮಾಡಿದ ಹದವಾದ ಹಲಗೆ. ಒಂದೇ ಹಲಗೆಯನ್ನು ಇಟ್ಟುಕೊಳ್ಳುವ ಗೃಹಸ್ಥನಿಗೆ ಈ ಕೊನೆಯದೇ ತಕ್ಕದ್ದು. ಬೆಳಗ್ಗೆ ಯಂತ್ರದಿಂದ ಸಮಮಾಡಿದ ಹಾದಿ, ಮಧ್ಯಾಹ್ನದ ಉಬ್ಬುತಗ್ಗು, ಮರಗಳ ನಡುವಿನ ಸಡಿಲ ಹಿಮ ಎಲ್ಲವನ್ನೂ ಇದು ತಕ್ಕಮಟ್ಟಿಗೆ ನಿಭಾಯಿಸುವುದು. ಇದರಲ್ಲಿ ಅಗಲದ ಜಾತಿಗೆ ಒಂದು ಹೆಚ್ಚಿನ ಲಾಭವುಂಟು: ತಳದ ವಿಸ್ತಾರ ಹೆಚ್ಚಾದ್ದರಿಂದ ಹೊಸ ಹಿಮದಲ್ಲಿ ಮುಳುಗದೆ ತೇಲುವುದು.

ನಮ್ಮ ದೇಶದಲ್ಲಿಯೇ ಈ ಆಟವನ್ನು ನೋಡಬೇಕೆನ್ನುವವರಿಗೆ ಕಾಶ್ಮೀರದ ಗುಲ್ಮರ್ಗ್ ಇದೆ. ಅಲ್ಲಿಯ ತಂತಿಹಾದಿಯ ಮೊದಲ ಹಂತ ೧೯೯೮ರಲ್ಲಿಯೂ ಎರಡನೆಯದು ೨೦೦೫ರಲ್ಲಿಯೂ ತೆರೆಯಿತು. ೨೦೨೦ರಲ್ಲಿ ಮೊದಲ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಅಲ್ಲಿಯೂ ಜರುಗಿದವು. ಬೆಂಗಳೂರಿನಿಂದ ಹೊರಡುವ ದೊಡ್ಡ ಪಾದದ ತರುಣರು, ಬಾಡಿಗೆಗೆ ಕೊಡುವವರಿಗೆ ಪಾದದ ಸೆಂಟಿಮೀಟರುಗಳನ್ನು ಮುಂಚಿತವಾಗಿಯೇ ತಿಳಿಸಿ, ತಕ್ಕ ಬೂಟೂ ತಕ್ಕ ಹಲಗೆಯೂ ಉಂಟೆಂಬ ಉತ್ತರ ಬಂದಮೇಲೆ ಹೊರಡುವುದು ಕ್ಷೇಮ.

ಇನ್ನು ದಾವಣಗೆರೆಯವರ ಪ್ರಶ್ನೆ. ಮಗನು ಕೇಳಿರುವುದು ನ್ಯಾಯವಾಗಿಯೇ ಇದೆ. ಆದರೆ ಸಾಲದ ಮಾತನ್ನು ನಾವು ಹಗುರವಾಗಿ ಕಾಣುವವರಲ್ಲ. ಹಲಗೆ ಬದಲಾದರೆ ಬೂಟು ಬದಲಾಗಬೇಕಾಗಿಲ್ಲ. ತಿರುಪಿನ ತೂತುಗಳು ಹೊಂದುವುದಾದರೆ ಹಳೆಯ ಕಾಲ್ಕಟ್ಟುಗಳೂ ಸಲ್ಲುವುವು. ಹಿಮದ ಕಾಲ ಮುಗಿಯುತ್ತ ಬಂದಾಗ, ಎಂದರೆ ಮಾರ್ಚಿ ಏಪ್ರಿಲಿನಲ್ಲಿ, ಅಂಗಡಿಯವರು ಆ ವರ್ಷದ ಹಲಗೆಗಳನ್ನು ಬೆಲೆ ಇಳಿಸಿ ಮಾರುವರು. ಅಲ್ಲಿಯವರೆಗೆ ಬೆಟ್ಟಕ್ಕೆ ಹೋಗಲೇಬೇಕೆಂದಾದರೆ ಅಗಲದ್ದನ್ನೇ ಬಾಡಿಗೆಗೆ ತೆಗೆದುಕೊಳ್ಳಲಿ. ತನಗೆ ಒಗ್ಗುವ ಸೊಂಟ ಯಾವುದೆಂಬುದು ಅದರಿಂದಲೇ ಗೊತ್ತಾಗುವುದು. ಹಳೆಯ ಹಲಗೆಯನ್ನು ಮುಂದಿನ ಚಳಿಗಾಲದ ಆರಂಭದಲ್ಲಿ ಮಾರಿದರೆ ಬೆಲೆ ಚೆನ್ನಾಗಿ ಬರುವುದು. ೨೭ ಸೆಂಟಿಮೀಟರಿನ ಪಾದವುಳ್ಳ ಗೆಳೆಯನೊಬ್ಬನು ದೊರೆತರೆ ಅದು ಅವನಿಗೆ ಹೇಳಿಮಾಡಿಸಿದಂತೆ ಇರುವುದು.